ಕಿರುಚಿಪ್ಪುಗಳ ಶಾಸ್ತ್ರಕಾರ ದಾರ್ಬಿನ್ಯಿ

ಕಡಲತಡಿಯ ಮರಳನ್ನು ಮಸೂರದಡಿಯಲ್ಲಿಟ್ಟು ನೋಡಿದರೆ, ಕಲ್ಲಿನ ಕಣಗಳ ನಡುವೆ ಕೋಣೆಕೋಣೆಯಾದ ಕಿರುಚಿಪ್ಪುಗಳು ಕಾಣಸಿಗುವುದುಂಟು. ಇವುಗಳ ಅಧ್ಯಯನವನ್ನು ಒಂದು ಶಾಸ್ತ್ರವಾಗಿ ರೂಪಿಸಿದವನು ಫ್ರಾನ್ಸಿನ ಆಲ್ಸೀದ್ ದಾರ್ಬಿನ್ಯಿ.

1802ರಲ್ಲಿ ನಾಂತ್ ನಗರದ ಬಳಿಯ ಕುಎರೋನಿನಲ್ಲಿ ಜನಿಸಿದ ಈತನಿಗೆ, ವೈದ್ಯನೂ ಪ್ರಕೃತಿಶಾಸ್ತ್ರಾಸಕ್ತನೂ ಆಗಿದ್ದ ತಂದೆಯೇ ಮೊದಲ ಗುರು. ಸಂಸಾರವು ಅಟ್ಲಾಂಟಿಕ್ ತೀರದ ಎಸ್ನಾಂದಿನಲ್ಲಿ ನೆಲಸಿದ ಮೇಲೆ ಕಡಲ ಮರಳೇ ಬಾಲಕನ ಪಾಠಶಾಲೆಯಾಯಿತು. ಚಿಪ್ಪಿನ ಕೋಣೆಕೋಣೆಗಳ ನಡುವೆ ರಂಧ್ರಗಳಿರುವುದನ್ನು ಕಂಡು, 1826ರ ತನ್ನ ಪ್ರಬಂಧದಲ್ಲಿ ಅವನು ಈ ಜೀವಿಗಳಿಗೆ ಫೊರಾಮಿನಿಫೆರ, ಎಂದರೆ ರಂಧ್ರಧಾರಿಗಳು, ಎಂದು ಹೆಸರಿಟ್ಟನು. ಕೋಣೆಗಳು ಒಂದೇ ಸಾಲಿನಲ್ಲಿವೆಯೇ, ಎಡಬಲಕ್ಕೆ ಸರದಿಯಾಗಿ ಕೂಡಿವೆಯೇ, ಸುರುಳಿಯಾಗಿ ಸುತ್ತಿವೆಯೇ ಎಂಬುದೇ ಅವನ ವರ್ಗೀಕರಣದ ಆಧಾರ. ಆ ರೂಪಗಳನ್ನು ಇತರರೂ ಕಾಣಲೆಂದು ನೂರು ಮಾದರಿಗಳನ್ನು ದೊಡ್ಡದಾಗಿ ಕೆತ್ತಿ, ಅವುಗಳ ಪ್ಲಾಸ್ಟರ್ ಅಚ್ಚುಗಳನ್ನು ವಿದ್ವಾಂಸರಿಗೆ ದೊರಕಿಸಿದನು.

ಆದರೆ ಈ ಕಟ್ಟಡದ ತಳದಲ್ಲಿಯೇ ಒಂದು ತಪ್ಪು ನುಸುಳಿತ್ತು. ಈ ಚಿಪ್ಪುಗಳು ನಾಟಿಲಸ್ಸಿನ ಚಿಪ್ಪನ್ನು ಹೋಲುವುದರಿಂದ, ಒಳಗಿನ ಪ್ರಾಣಿಯೂ ಅದರಂತೆಯೇ ಶೀರ್ಷಪಾದಿಯೆಂದು ಅವನು ಬಗೆದಿದ್ದನು. ಅದೇ ವರ್ಷ ದಕ್ಷಿಣ ಅಮೆರಿಕಕ್ಕೆ ತೆರಳಿ, ಸುಮಾರು ಏಳು ವರ್ಷ ಸಂಚರಿಸಿ, ವಿಪುಲ ಸಂಗ್ರಹದೊಡನೆ ಹಿಂದಿರುಗಿದನು. ಸ್ವಲ್ಪ ಕಾಲದಲ್ಲಿಯೇ, 1835ರಲ್ಲಿ, ಫೆಲಿಕ್ಸ್ ದ್ಯುಜಾರ್ದೆನ್ ಎಂಬ ವಿಜ್ಞಾನಿಯು ಸಜೀವ ಫೊರಾಮಿನಿಫೆರಗಳನ್ನು ಪರೀಕ್ಷಿಸಿ, ಅವುಗಳಿಗೆ ತಲೆಯಿಲ್ಲ, ತೋಳುಗಳಿಲ್ಲ. ಎಳೆಎಳೆಯಾಗಿ ಹೊರಚಾಚುವ ಲೋಳೆಯಂಥ ಜೀವದ್ರವ್ಯವೇ ಅವುಗಳ ಸರ್ವಸ್ವವೆಂದು ತೋರಿಸಿಕೊಟ್ಟನು. ಕೀರ್ತಿಯ ಅಡಿಗಲ್ಲೇ ಕದಲಿದ ಹೊತ್ತು. ಆದರೂ ದಾರ್ಬಿನ್ಯಿ ಹಟ ಹಿಡಿಯಲಿಲ್ಲ. 1839ರ ಹೊತ್ತಿಗೆ ತಾನೇ ಅವುಗಳನ್ನು ಶೀರ್ಷಪಾದಿಗಳಿಂದ ಬೇರ್ಪಡಿಸಿದನು. ಚಿಪ್ಪುಗಳ ವ್ಯಾಸಂಗವನ್ನು ಮಾತ್ರ ಬಿಡಲಿಲ್ಲ.

1848ರಲ್ಲಿ ಅವನ ಹೆಸರಿನಿಂದ ಆರ್ಬಿಟಾಯ್ಡೀಸ್ ಎಂಬ ಅಳಿದುಹೋದ ಜಾತಿಯೊಂದು ಶಾಸ್ತ್ರಕ್ಕೆ ಸೇರಿತು. ಅದರ ಚಿಪ್ಪು ಮಸೂರದಾಕಾರದ್ದು. ನಡುವೆ ದಪ್ಪಗೋಡೆಯ ಆದಿಕೋಷ್ಠಗಳು. ಅವುಗಳ ಸುತ್ತ ಒಂದೇ ಸಮತಲದಲ್ಲಿ ಬಿಲ್ಲಿನಂತೆ ಬಾಗಿದ ಕಿರುಕೋಣೆಗಳು. ಆ ಪದರದ ಮೇಲೂ ಕೆಳಗೂ ಪಾರ್ಶ್ವಕೋಣೆಗಳು. ಮುಂದಿನ ವಿದ್ವಾಂಸರು ಚಿಪ್ಪನ್ನು ನಡುವೆ ಸೀಳಿ, ಆದಿಕೋಷ್ಠಗಳ ರಚನೆಯನ್ನು ನೋಡಿ ಅದರ ಪ್ರಭೇದಗಳನ್ನು ಗುರುತಿಸಿದರು. ಕ್ರಿಟೇಷಸ್ ಯುಗದ ಅಂತ್ಯಭಾಗದ ಆಳವಿಲ್ಲದ ಕಡಲುಗಳಲ್ಲಿ ಬಾಳಿದ ಈ ಜಾತಿ, ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಆ ಯುಗದೊಡನೆಯೇ ಅಳಿಯಿತು. ಆದಕಾರಣ ಶಿಲೆಯ ವಯಸ್ಸನ್ನು ನಿರ್ಣಯಿಸುವವರಿಗೆ ಈ ಚಿಪ್ಪೊಂದು ಸಾಕ್ಷಿ.

1853ರಲ್ಲಿ ಪ್ಯಾರಿಸಿನ ಪ್ರಕೃತಿ ವಸ್ತುಸಂಗ್ರಹಾಲಯವು ದಾರ್ಬಿನ್ಯಿಗಾಗಿ ಪ್ರಾಗ್ಜೀವಿಶಾಸ್ತ್ರದ ಪೀಠವನ್ನು ಸ್ಥಾಪಿಸಿತು. ನಾಲ್ಕೇ ವರ್ಷಗಳಲ್ಲಿ, 1857ರಲ್ಲಿ, 54ನೆಯ ವಯಸ್ಸಿನಲ್ಲಿ ಅವನು ಕಾಲವಾದನು. ಭೂಮಿಯ ಜೀವಿಗಳು ಮತ್ತೆ ಮತ್ತೆ ನಾಶಹೊಂದಿ ಹೊಸದಾಗಿ ಸೃಷ್ಟಿಯಾದವೆಂಬ ಅವನ ಮತವನ್ನೂ ವಿಜ್ಞಾನ ಕೈಬಿಟ್ಟಿದೆ. ಆದರೆ ಆಲ್ಬಿಯನ್, ಸೆನೊಮೇನಿಯನ್, ಟ್ಯುರೋನಿಯನ್ ಎಂದು ಅವನು ಶಿಲಾಸ್ತರಗಳಿಗಿತ್ತ ಹೆಸರುಗಳು ಇಂದಿಗೂ ಬಳಕೆಯಲ್ಲಿವೆ. ಫೊರಾಮಿನಿಫೆರ ಎಂಬ ಹೆಸರೂ ಹಾಗೆಯೇ. ಊಹಿಸಿದ್ದು ಬಿದ್ದುಹೋದರೂ ಶ್ರದ್ಧೆಯಿಂದ ಕಂಡದ್ದು ನಿಲ್ಲುತ್ತದೆ ಎಂಬುದಕ್ಕೆ ಈತನ ಬಾಳೇ ನಿದರ್ಶನ.