ಅರ್ನೆಸ್ಟ್ ಎವರೆಟ್ ಜಸ್ಟ್

ತಮಗೆ ದೊರೆಯದುದನ್ನು ಪರರಿಗೆ ದೊರಕಿಸಿಕೊಡುವುದು ಮಹನೀಯರ ಲಕ್ಷಣವು. ಅಮೆರಿಕಾ ದೇಶದ ಜೀವವಿಜ್ಞಾನಿ ಅರ್ನೆಸ್ಟ್ ಎವರೆಟ್ ಜಸ್ಟ್ ಅವರ ಚರಿತ್ರೆಯು ಇದಕ್ಕೆ ನಿದರ್ಶನವಾಗಿರುವುದು.

ಇವರು 1883ನೆಯ ಇಸವಿ ಆಗಸ್ಟ್ 14ರಂದು ದಕ್ಷಿಣ ಕೆರೊಲಿನಾ ಪ್ರಾಂತದ ಚಾರ್ಲ್ಸ್‌ಟನ್ ನಗರದಲ್ಲಿ, ಕಪ್ಪು ಜನರ ಕುಟುಂಬವೊಂದರಲ್ಲಿ ಜನಿಸಿದರು. ನಾಲ್ಕನೆಯ ವಯಸ್ಸಿನಲ್ಲಿಯೇ ಪಿತೃವಿಯೋಗವಾಗಲು, ಉಪಾಧ್ಯಾಯಿನಿಯಾಗಿದ್ದ ತಾಯಿ ಮೇರಿಯವರು ಮಗನನ್ನು ಕಷ್ಟಪಟ್ಟು ಸಾಕಿ ವಿದ್ಯೆಯ ದಾರಿಗೆ ಹಚ್ಚಿದರು. ದೂರದ ಉತ್ತರಪ್ರಾಂತದ ಶಾಲೆಯಲ್ಲಿ ಓದುತ್ತಿರುವಾಗ ಆ ತಾಯಿಯೂ ಕಾಲವಾದರು. ಆದರೂ ಧೃತಿಗೆಡದೆ ವ್ಯಾಸಂಗವನ್ನು ಮುಂದುವರಿಸಿ, 1907ರಲ್ಲಿ ಡಾರ್ಟ್‌ಮತ್ ಕಾಲೇಜಿನಿಂದ ಉಚ್ಚ ಗೌರವದೊಡನೆ ಪದವೀಧರರಾದರು. ಬಿಳಿಯರ ವಿದ್ಯಾಲಯಗಳಲ್ಲಿ ಅವರ ಜನಾಂಗದವರಿಗೆ ಅಧ್ಯಾಪಕತ್ವವು ದುರ್ಲಭವಾಗಿದ್ದಿತು. ಆದುದರಿಂದ ಮುಖ್ಯವಾಗಿ ಕಪ್ಪು ಜನರು ವಿದ್ಯಾಭ್ಯಾಸ ಮಾಡುತ್ತಿದ್ದ ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾನಿಲಯವನ್ನು ಸೇರಿದರು.

ಆ ದೇಶದ ಕಾಲೇಜುಗಳಲ್ಲಿ ಗ್ರೀಕ್ ಅಕ್ಷರಗಳ ಹೆಸರುಳ್ಳ ವಿದ್ಯಾರ್ಥಿ ಭ್ರಾತೃಸಂಘಗಳುಂಟು. ಬಿಳಿಯರ ಸಂಘಗಳಲ್ಲಿ ಕಪ್ಪು ವಿದ್ಯಾರ್ಥಿಗಳಿಗೆ ಪ್ರವೇಶವಿರಲಿಲ್ಲ. 1911ನೆಯ ಇಸವಿ ನವೆಂಬರ್ 17ರಂದು ಎಡ್ಗರ್ ಲವ್, ಆಸ್ಕರ್ ಕೂಪರ್, ಫ್ರ್ಯಾಂಕ್ ಕೋಲ್‌ಮನ್ ಎಂಬ ಮೂವರು ವಿದ್ಯಾರ್ಥಿಗಳು ಜಸ್ಟ್ ಅವರ ಕೊಠಡಿಯಲ್ಲಿ ಕಲೆತು, ಗುರುಗಳ ಮಾರ್ಗದರ್ಶನದಲ್ಲಿ ಒಮೆಗಾ ಸೈ ಫೈ ಎಂಬ ಸಂಘವನ್ನು ಸ್ಥಾಪಿಸಿದರು. ಸ್ನೇಹವು ಆತ್ಮಕ್ಕೆ ಅತ್ಯವಶ್ಯಕವೆಂಬುದೇ ಆ ಹೆಸರಿನ ಭಾವವು. ಪೌರುಷ, ವಿದ್ಯೆ, ಸ್ಥೈರ್ಯ, ಜನೋದ್ಧಾರ ಎಂಬ ನಾಲ್ಕು ಅದರ ಧ್ಯೇಯಗಳಾದುವು. ಅಧಿಕಾರಿಗಳು ಮೊದಲು ಸಮ್ಮತಿಸಲಿಲ್ಲ; ಶಿಷ್ಯರಾದರೋ ಹಿಂಜರಿಯಲಿಲ್ಲ. 1914ರಲ್ಲಿ ಸಂಘವು ಕಾನೂನಿನಂತೆ ನೋಂದಣಿಯಾಯಿತು.

ಜಸ್ಟ್ ಅವರು 1909ರಿಂದ ಸುಮಾರು ಇಪ್ಪತ್ತು ವರುಷ, ಬೇಸಗೆಯಲ್ಲಿ ವುಡ್ಸ್ ಹೋಲ್ ಎಂಬ ಕಡಲತೀರದ ಪ್ರಯೋಗಶಾಲೆಗೆ ಹೋಗಿ ಸಮುದ್ರಜೀವಿಗಳ ಅಂಡಗಳನ್ನು ಪರಿಶೀಲಿಸುತ್ತಿದ್ದರು. 1916ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯವು ಅವರಿಗೆ ಡಾಕ್ಟರ್ ಪದವಿಯನ್ನಿತ್ತಿತು. ಅಂಡದ ಹೊರಪದರವು ಬರಿಯ ಗೋಡೆಯಲ್ಲ, ಜೀವವ್ಯಾಪಾರದಲ್ಲಿ ತಾನೂ ಪಾಲ್ಗೊಳ್ಳುವಂಥದು ಎಂಬುದೇ ಅವರ ಸಿದ್ಧಾಂತವು. ಇದನ್ನು 1939ರ ತಮ್ಮ ಗ್ರಂಥದಲ್ಲಿ ವಿಸ್ತಾರವಾಗಿ ಪ್ರತಿಪಾದಿಸಿದರು.

ಇಷ್ಟು ಕೀರ್ತಿ ಬಂದರೂ ಸ್ವದೇಶದ ದೊಡ್ಡ ಸಂಶೋಧನಾಲಯಗಳಲ್ಲಿ ಅವರಿಗೆ ಸ್ಥಾನವು ದೊರೆಯಲಿಲ್ಲ. ಮನನೊಂದು 1929ರಿಂದ ಮೇಲಿಂದ ಮೇಲೆ ಯೂರೋಪಿಗೆ ಹೋಗಿ ನೇಪಲ್ಸ್, ಬರ್ಲಿನ್, ಪ್ಯಾರಿಸ್ ನಗರಗಳಲ್ಲಿ ಕೆಲಸಮಾಡಿದರು. 1940ರಲ್ಲಿ ಜರ್ಮನರು ಫ್ರಾನ್ಸನ್ನು ಆಕ್ರಮಿಸಿದಾಗ ಕೆಲಕಾಲ ಸೆರೆಯಲ್ಲಿದ್ದು, ಬಿಡುಗಡೆಯಾಗಿ ಸ್ವದೇಶಕ್ಕೆ ಮರಳಿ, 1941ನೆಯ ಅಕ್ಟೋಬರ್ 27ರಂದು ತಮ್ಮ 58ನೆಯ ವಯಸ್ಸಿನಲ್ಲಿ ದಿವಂಗತರಾದರು.

1996ರಲ್ಲಿ ಅಮೆರಿಕಾ ಸರಕಾರವು ಅವರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು. ಆ ಗೌರವವು ತಡವಾಗಿ ಬಂದಿತು. ಆದರೆ ಅವರ ಕೊಠಡಿಯಲ್ಲಿ ಹುಟ್ಟಿದ ಭ್ರಾತೃಸಂಘವು ಅವರು ಜೀವಿಸಿರುವಾಗಲೇ ಊರೂರಿಗೆ ಹರಡಿ, ಬಾಗಿಲು ಮುಚ್ಚಿಸಿಕೊಂಡ ಎಷ್ಟೋ ತರುಣರಿಗೆ ಒಡಹುಟ್ಟಿದವರನ್ನು ಒದಗಿಸಿಕೊಟ್ಟಿದ್ದಿತು.