ಕೋರ್ಟ್ ತಾರೀಖಿನ ಹಿಂದೊಬ್ಬ ಗಣಿತಜ್ಞ: ಎಡ್ಗರ್ ಕಾಡ್

ಮಾಜಾಳಿಯ ಗಡಿ ದಾಟಿದರೆ ಪೊಳೆಂ, ಮುಂದೆ ಕಾಣಕೋಣ. ಗಡಿಯ ಈಚೆ ಮನೆ, ಆಚೆ ಅಜ್ಜಿಯ ಪಾಲಿನ ತೆಂಗಿನ ತೋಟ ಇರುವ ಕುಟುಂಬಗಳು ಈ ಭಾಗದಲ್ಲಿ ಬೇಕಷ್ಟಿವೆ. ಆಸ್ತಿ ಎರಡು ಕಡೆ ಇದ್ದ ಮೇಲೆ ತಕರಾರೂ ಎರಡು ಕಡೆ. ಕಾರವಾರದ ಕೋರ್ಟಿನಲ್ಲಿ ಒಂದು ದಾವೆ, ಗೋವಾದ ಕೋರ್ಟಿನಲ್ಲಿ ಇನ್ನೊಂದು. ಮುಂದಿನ ತಾರೀಖು ತಿಳಿಯಲು ಹಿಂದೆ ಬಸ್ಸು ಹತ್ತಬೇಕಿತ್ತು, ಗುಮಾಸ್ತರ ಮೇಜಿನ ಮುಂದೆ ಕಾದು ನಿಲ್ಲಬೇಕಿತ್ತು. ಈಗ ಸಿಎನ್‌ಆರ್ ಎಂಬ 16 ಅಕ್ಷರ-ಅಂಕಿಗಳ ಸಂಖ್ಯೆ ಒತ್ತಿದರೆ ಮೊಬೈಲಿನಲ್ಲೇ ತಾರೀಖು ಸಿಗುತ್ತದೆ. ಅದರ ಮೊದಲ ಅಕ್ಷರಗಳು ರಾಜ್ಯ, ಜಿಲ್ಲೆಯನ್ನು ಹೇಳಿದರೆ ಕೊನೆಯ 4 ಅಂಕಿ ವರ್ಷವನ್ನು ಹೇಳುತ್ತವೆ.

ಇ-ಕೋರ್ಟ್ ಯೋಜನೆಯ ಈ ತಂತ್ರಾಂಶವನ್ನು ಸಿದ್ಧಪಡಿಸಿದ್ದು ಪುಣೆಯ ಎನ್‌ಐಸಿ. ಕರ್ನಾಟಕಕ್ಕೂ ಗೋವಾಕ್ಕೂ ಅದೊಂದೇ. ಮೊಕದ್ದಮೆಯ ವಿವರಗಳೆಲ್ಲ ಪೋಸ್ಟ್‌ಗ್ರೆಸ್ ಎಂಬ ಮುಕ್ತ ಡೇಟಾಬೇಸ್‌ನಲ್ಲಿ ಕೂತಿರುತ್ತವೆ. ಅದಕ್ಕೆ ಪರವಾನಗಿ ಶುಲ್ಕವಿಲ್ಲ, ಅದರ ಮೂಲ ಸಂಕೇತವನ್ನು ಯಾರೂ ನೋಡಬಹುದು, ತಿದ್ದಬಹುದು. ಇಂಥ ಡೇಟಾಬೇಸ್‌ಗಳಿಗೆಲ್ಲ ಆಧಾರವಾದ ವಿಚಾರವನ್ನು ಕೊಟ್ಟವರು ಎಡ್ಗರ್ ಫ್ರ್ಯಾಂಕ್ ಕಾಡ್.

ಕಾಡ್ ಹುಟ್ಟಿದ್ದು 1923ರ ಆಗಸ್ಟ್‌ನಲ್ಲಿ, ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಪೋರ್ಟ್‌ಲ್ಯಾಂಡ್ ದ್ವೀಪದಲ್ಲಿ. ತಂದೆ ಚರ್ಮೋದ್ಯಮಿ, ತಾಯಿ ಶಾಲಾ ಶಿಕ್ಷಕಿ. ಏಳು ಮಕ್ಕಳಲ್ಲಿ ಇವರೇ ಕಿರಿಯರು. ಆಕ್ಸ್‌ಫರ್ಡ್‌ನಲ್ಲಿ ಓದುತ್ತಿದ್ದಾಗ ಎರಡನೇ ಮಹಾಯುದ್ಧ ನಡೆದಿತ್ತು. ವಿದ್ಯಾರ್ಥಿಯೆಂಬ ಕಾರಣಕ್ಕೆ ಸೇನಾಸೇವೆಯಿಂದ ವಿನಾಯಿತಿ ಪಡೆಯಬಹುದಿತ್ತು. ಆದರೂ 1942ರಲ್ಲಿ ತಾವಾಗಿಯೇ ವಾಯುಪಡೆ ಸೇರಿ, ಸಮುದ್ರದ ಮೇಲೆ ಕಾವಲು ಹಾರುವ ಸಂಡರ್‌ಲ್ಯಾಂಡ್ ವಿಮಾನಗಳ ಪೈಲಟ್ ಆದರು. ಯುದ್ಧ ಮುಗಿದ ಮೇಲೆ ಗಣಿತದಲ್ಲಿ ಪದವಿ ಪಡೆದು 1948ರಲ್ಲಿ ಅಮೆರಿಕಕ್ಕೆ ಹೋದರು. ಮರುವರ್ಷ ಐಬಿಎಂ ಕಂಪನಿ ಸೇರಿದರು.

ಅನ್ನಿಸಿದ್ದನ್ನು ನುಂಗಿಕೊಂಡಿರುವ ಸ್ವಭಾವ ಅವರದಲ್ಲ. ಸೆನೆಟರ್ ಮೆಕಾರ್ಥಿಯವರ ಕಮ್ಯುನಿಸ್ಟ್ ಬೇಟೆಯಿಂದ ಬೇಸತ್ತು 1953ರಲ್ಲಿ ಅಮೆರಿಕ ಬಿಟ್ಟು ಕೆನಡಾಕ್ಕೆ ಹೋದರು. 1957ರಲ್ಲಿ ಐಬಿಎಂಗೆ ಮರಳಿದರು. ನಡುವಯಸ್ಸಿನಲ್ಲಿ ಮತ್ತೆ ವಿದ್ಯಾರ್ಥಿಯಾಗಿ 1965ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಡಾಕ್ಟರೇಟ್ ಪಡೆದರು. ಆಮೇಲೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿರುವ ಐಬಿಎಂ ಸಂಶೋಧನಾಲಯಕ್ಕೆ ಬಂದರು.

ಆಗ ಕಂಪ್ಯೂಟರಿನಲ್ಲಿ ದಾಖಲೆ ಇಡುವ ಕ್ರಮ ನಮ್ಮ ಹಳೆಯ ಶಾನುಭೋಗರ ದಫ್ತರದಂತೆಯೇ ಇತ್ತು. ಯಾವ ಗಂಟಿನೊಳಗೆ ಯಾವ ಕಟ್ಟು, ಯಾವ ಕಟ್ಟಿನೊಳಗೆ ಯಾವ ಹಾಳೆ ಎಂಬುದು ಗೊತ್ತಿದ್ದವರಿಗೆ ಮಾತ್ರ ದಾಖಲೆ ಸಿಗುತ್ತಿತ್ತು. ಐಬಿಎಂನ ಐಎಂಎಸ್ ವ್ಯವಸ್ಥೆಯಲ್ಲಿ ಮಾಹಿತಿ ಮರದ ಕೊಂಬೆಗಳಂತೆ ಹರಡಿರುತ್ತಿತ್ತು. ಬೇರಿನಿಂದ ಎಲೆಯವರೆಗಿನ ದಾರಿಯನ್ನು ಪ್ರೋಗ್ರಾಂ ಬರೆಯುವವರೇ ತೋರಿಸಬೇಕಿತ್ತು. ಜೋಡಣೆ ಬದಲಾದರೆ ಪ್ರೋಗ್ರಾಂಗಳನ್ನೂ ತಿದ್ದಿ ಬರೆಯಬೇಕಾಗುತ್ತಿತ್ತು. ದಾರಿ ಬಲ್ಲವರ ಕೈಯಲ್ಲೇ ಬೀಗದ ಕೈ!

1970ರ ಜೂನ್‌ನಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಕಾಡ್ ಈ ಕ್ರಮವನ್ನೇ ತಿರುಗಿಸಿದರು. ಎಲ್ಲ ಮಾಹಿತಿಯನ್ನೂ ಸಾದಾ ಕೋಷ್ಟಕಗಳಲ್ಲಿ ಇಡಬೇಕು. ಒಂದು ಕೋಷ್ಟಕಕ್ಕೂ ಇನ್ನೊಂದಕ್ಕೂ ಸಂಬಂಧ ಕಲ್ಪಿಸುವುದು ಎರಡರಲ್ಲೂ ಇರುವ ಸಂಖ್ಯೆ ಅಥವಾ ಹೆಸರು ಮಾತ್ರ. ಕೇಳುವವರು ಏನು ಬೇಕೆಂದು ಹೇಳಿದರೆ ಸಾಕು, ಅದು ಎಲ್ಲಿದೆ, ಹೇಗೆ ತರಬೇಕು ಎಂಬ ಚಿಂತೆ ಯಂತ್ರದ್ದು. ಒಂದು ಸಂಗತಿಯನ್ನು ಒಂದೇ ಕಡೆ ಬರೆಯಬೇಕೆಂಬ ನಿಯಮಗಳನ್ನೂ ಅವರು ರೂಪಿಸಿದರು. ಒಬ್ಬರ ವಿಳಾಸ ಐದು ಪುಸ್ತಕಗಳಲ್ಲಿದ್ದು ಮೂರರಲ್ಲಷ್ಟೇ ತಿದ್ದಿದರೆ ಯಾವುದನ್ನು ನಂಬುವುದು?

ಗೋವಾದವರಿಗೆ ಇದು ತೀರಾ ಹೊಸ ಮಾತಲ್ಲ. ಪೋರ್ಚುಗೀಸರ ಕಾಲದ ಆಸ್ತಿ ನೋಂದಣಿಯಲ್ಲಿ ಜಾಗದ ಗಡಿ, ಗುರುತು ಬರೆಯುವ ‘ದೆಸ್ಕ್ರಿಸಾಂವ್’ ಬೇರೆ, ಆ ಜಾಗದ ಮೇಲೆ ಯಾರಿಗೆ ಯಾವ ಹಕ್ಕು ಬಂತೆಂದು ಬರೆಯುವ ‘ಇನ್‌ಸ್ಕ್ರಿಸಾಂವ್’ ಬೇರೆ. ಎರಡನ್ನೂ ಬೆಸೆಯುವುದು ಒಂದು ಸಂಖ್ಯೆ. ಅಲ್ಲಿನ ಹಳೆಯ ಆಸ್ತಿಗಳ ಪತ್ರಗಳಲ್ಲಿ ಈ ಸಂಖ್ಯೆ ಇಂದಿಗೂ ಕಾಣಸಿಗುತ್ತದೆ. ದೊಡ್ಡ ಯಂತ್ರಗಳಿಗೆ ಕಾಡ್ ಹೇಳಿದ್ದೂ ಇಂಥದ್ದೇ ಕ್ರಮವನ್ನು. ಅದಕ್ಕೆ ಗಣಿತದ ಬುನಾದಿ ಹಾಕಿದ್ದು ಅವರ ಹಿರಿಮೆ.

ಸ್ವಂತ ಕಂಪನಿಯಲ್ಲಿ ಮಾತ್ರ ಅವರಿಗೆ ಸ್ವಾಗತ ಸಿಗಲಿಲ್ಲ. ಐಎಂಎಸ್ ಚೆನ್ನಾಗಿ ಮಾರಾಟವಾಗುತ್ತಿರುವಾಗ ಅದಕ್ಕೆ ಎದುರಾಳಿಯನ್ನು ಬೆಳೆಸುವ ಉತ್ಸಾಹ ಐಬಿಎಂಗೆ ಇರಲಿಲ್ಲ. ಕೋಷ್ಟಕಗಳನ್ನು ಜೋಡಿಸಿ ಉತ್ತರ ಹುಡುಕುವುದು ನಿಧಾನವೆಂದು ಹಲವು ಪರಿಣತರು ಆಕ್ಷೇಪಿಸಿದರು. ಕಂಪ್ಯೂಟರ್ ಕ್ಷೇತ್ರದ ಅತಿ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿಯನ್ನು ಆಗಲೇ ಪಡೆದಿದ್ದ ಚಾರ್ಲ್ಸ್ ಬ್ಯಾಕ್‌ಮನ್ ಹಳೆಯ ಪದ್ಧತಿಯ ಪರ ನಿಂತಿದ್ದರು. 1974ರಲ್ಲಿ ಇಬ್ಬರೂ ತುಂಬಿದ ಸಭೆಯಲ್ಲಿ ವಾದಕ್ಕಿಳಿದರು.

ಕೊನೆಗೆ ಐಬಿಎಂ ಸ್ಯಾನ್ ಹೋಸೆಯಲ್ಲಿ ಸಿಸ್ಟಂ ಆರ್ ಎಂಬ ಪ್ರಯೋಗ ಆರಂಭಿಸಿತು. ಚೇಂಬರ್ಲಿನ್ ಮತ್ತು ಬಾಯ್ಸ್ ಅದಕ್ಕಾಗಿ ರೂಪಿಸಿದ ಭಾಷೆಯೇ ಇಂದಿನ ಎಸ್‌ಕ್ಯುಎಲ್. ಅದು ತಮ್ಮ ಸಿದ್ಧಾಂತಕ್ಕೆ ಪೂರ್ತಿ ನಿಷ್ಠವಾಗಿಲ್ಲವೆಂಬ ಅಸಮಾಧಾನ ಕಾಡ್ ಅವರಿಗೆ ಕೊನೆಯವರೆಗೂ ಇತ್ತು. ಆದರೆ ಅವರ ಪ್ರಬಂಧ ಎಲ್ಲರಿಗೂ ತೆರೆದಿತ್ತು. ಅದನ್ನು ಓದಿದ ಬರ್ಕ್ಲಿ ವಿಶ್ವವಿದ್ಯಾಲಯದ ಸ್ಟೋನ್‌ಬ್ರೇಕರ್ ಮತ್ತು ವಾಂಗ್ 1973ರಲ್ಲಿ ಇಂಗ್ರೆಸ್ ಕಟ್ಟತೊಡಗಿದರು. 1986ರಲ್ಲಿ ಅದರ ಮುಂದಿನ ಹೆಜ್ಜೆಯಾಗಿ ಪೋಸ್ಟ್‌ಗ್ರೆಸ್ ಆರಂಭವಾಯಿತು. 1996ರಲ್ಲಿ ಪೋಸ್ಟ್‌ಗ್ರೆಎಸ್‌ಕ್ಯುಎಲ್ ಎಂಬ ಹೆಸರಿನಲ್ಲಿ ಅದು ಜಗತ್ತಿನ ಸ್ವಯಂಸೇವಕರ ಕೈಗೆ ಬಂತು.

ನಿಧಾನವೆಂಬ ಆಕ್ಷೇಪಕ್ಕೂ ಉತ್ತರ ಸಿಕ್ಕಿತು. 1979ರಲ್ಲಿ ಐಬಿಎಂನ ಪ್ಯಾಟ್ರಿಷಿಯಾ ಸೆಲಿಂಜರ್ ಮತ್ತು ಸಂಗಡಿಗರು, ಪ್ರಶ್ನೆ ಬಂದಾಗ ಹಲವು ದಾರಿಗಳ ಖರ್ಚು ಲೆಕ್ಕಹಾಕಿ ಅಗ್ಗದ್ದನ್ನು ಯಂತ್ರವೇ ಆರಿಸುವ ವಿಧಾನವನ್ನು ತೋರಿಸಿಕೊಟ್ಟರು. ಪೋಸ್ಟ್‌ಗ್ರೆಸ್ ಕೂಡ ದಾರಿ ಆರಿಸುವುದು ಹೀಗೆಯೇ.

ಹಾಗೆಂದು ಮನುಷ್ಯರ ಕೆಲಸ ಮುಗಿಯಲಿಲ್ಲ. ಯಂತ್ರದ ಲೆಕ್ಕ ಸರಿಯಾಗಬೇಕಾದರೆ ಅದಕ್ಕೆ ತಾಜಾ ಅಂಕಿಅಂಶ ಬೇಕು. ನೂರು ಮೊಕದ್ದಮೆಗಳಿದ್ದಾಗ ತೆಗೆದ ಅಂದಾಜನ್ನು ಹತ್ತು ಲಕ್ಷವಾದಾಗಲೂ ನಂಬಿದರೆ ಅದು ತಪ್ಪು ದಾರಿ ಹಿಡಿಯುತ್ತದೆ. ಪುಸ್ತಕದ ಕೊನೆಯ ಪದಸೂಚಿಯಂತೆ ಕೋಷ್ಟಕಕ್ಕೂ ಸೂಚಿ ಬೇಕು, ಆದರೆ ಅದು ಅತಿಯಾದರೆ ಹೊಸದಾಗಿ ಬರೆಯುವಾಗಲೆಲ್ಲ ಅಷ್ಟೂ ಸೂಚಿಗಳನ್ನು ತಿದ್ದುವ ಭಾರ ಬೀಳುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ತಾರೀಖು ಬದಲಾದರೆ ಹಳೆಯ ಸಾಲು ಕೂಡಲೇ ಅಳಿಯುವುದಿಲ್ಲ, ಅದರ ಜೊತೆಗೆ ಹೊಸ ಸಾಲು ಸೇರುತ್ತದೆ. ಸತ್ತ ಸಾಲುಗಳನ್ನು ಆಗಾಗ ಗುಡಿಸದಿದ್ದರೆ ಡೇಟಾಬೇಸ್ ಊದಿಕೊಂಡು ಏದುಸಿರು ಬಿಡುತ್ತದೆ. ಗುಡಿಸುವ ಕೆಲಸವನ್ನು ಅದೇ ಮಾಡಿಕೊಳ್ಳುತ್ತದಾದರೂ ಕಣ್ಣಿಟ್ಟು ನೋಡುವವರು ಬೇಕು. ಸ್ಮರಣಕೋಶ ಎಷ್ಟು ಕೊಡಬೇಕು, ಪ್ರತಿ ಯಾವಾಗ ತೆಗೆಯಬೇಕು, ತೆಗೆದ ಪ್ರತಿ ಮತ್ತೆ ತೆರೆಯುತ್ತದೆಯೇ ಎಂದು ನೋಡುವುದೂ ಅವರದೇ ಕೆಲಸ. ತಾರೀಖು ತಟ್ಟನೆ ತೆರೆದುಕೊಂಡರೆ ಇವರ ನೆನಪು ಯಾರಿಗೂ ಬರುವುದಿಲ್ಲ.

1981ರಲ್ಲಿ ಕಾಡ್ ಅವರಿಗೂ ಟ್ಯೂರಿಂಗ್ ಪ್ರಶಸ್ತಿ ಬಂತು. 1984ರಲ್ಲಿ ಐಬಿಎಂನಿಂದ ನಿವೃತ್ತರಾದರು. ಅಷ್ಟರಲ್ಲಿ ಕೋಷ್ಟಕ ಪದ್ಧತಿಯ ಹೆಸರು ಹೇಳಿಕೊಂಡು ಏನೇನೋ ಮಾರಾಟವಾಗುತ್ತಿತ್ತು. ಅಸಲಿ ಯಾವುದು, ನಕಲಿ ಯಾವುದು ಎಂದು ಅಳೆಯಲು 1985ರಲ್ಲಿ ನಿಯಮಗಳ ಪಟ್ಟಿಯನ್ನೇ ಪ್ರಕಟಿಸಿದರು. ಹನ್ನೆರಡು ನಿಯಮಗಳೆಂದು ಹೆಸರಾದರೂ ಗಣಿತಜ್ಞರಲ್ಲವೇ, ಸೊನ್ನೆಯಿಂದ ಎಣಿಸಿ ಹದಿಮೂರು ಮಾಡಿದ್ದರು! 2003ರ ಏಪ್ರಿಲ್ 18ರಂದು ಅಮೆರಿಕದ ಫ್ಲೋರಿಡಾದಲ್ಲಿ, 79ನೇ ವಯಸ್ಸಿನಲ್ಲಿ ಹೃದಯ ವೈಫಲ್ಯದಿಂದ ತೀರಿಕೊಂಡರು.

ದಾಖಲೆ ಇರುವ ಜಾಗ ಗೊತ್ತಿಲ್ಲದವರೂ ದಾಖಲೆ ಕೇಳುವಂತಾದದ್ದು ಕಾಡ್ ಅವರಿಂದ. ಆದರೆ ಕೋಷ್ಟಕಕ್ಕೆ ಗೊತ್ತಿರುವುದು ಅದರಲ್ಲಿ ಬರೆದಷ್ಟೇ. ವಾದಿಯ ಹೆಸರು ತಪ್ಪಾಗಿ ಕೂತಿದ್ದರೆ ಮೊಬೈಲು ಅದೇ ತಪ್ಪನ್ನು ಪ್ರತಿಸಲ ತೋರಿಸುತ್ತದೆ. ತಾರೀಖು ನೋಡುವಾಗ ಹೆಸರು, ವಿಳಾಸಗಳನ್ನೂ ಒಮ್ಮೆ ಓದಿ, ತಪ್ಪಿದ್ದರೆ ವಕೀಲರ ಮೂಲಕ ತಿದ್ದಿಸಿಕೊಳ್ಳುವುದು ಒಳ್ಳೆಯದು.