ಎರಡಾಣೆಯಿಂದ ಬ್ಯಾಂಕು ಬೆಳೆಸಿದ ಡಾಕ್ಟರು: ಟಿ.ಎಂ.ಎ. ಪೈ



ನಮ್ಮ ಸಂಘವು ಇಪ್ಪತ್ತೈದು ವರ್ಷ ಪೂರೈಸಿ ಬೆಳ್ಳಿಹಬ್ಬ ಆಚರಿಸುತ್ತಿರುವ ಈ ಶುಭ ಸಂದರ್ಭದಲ್ಲಿ ಡಾ. ಟಿ.ಎಂ.ಎ. ಪೈ ಅವರನ್ನು ನಾವು ನೆನೆಯಲು ಬಯಸುತ್ತೇವೆ. ಅವರು ಕಟ್ಟಿದ್ದು ಬ್ಯಾಂಕು, ಸಹಕಾರ ಸಂಘವಲ್ಲ. ಆದರೂ ಜಮೀನು, ಜಾಮೀನು ಎರಡೂ ಇಲ್ಲದವನನ್ನು ನಂಬುವುದು ಹೇಗೆ ಅನ್ನೋ ಪ್ರಶ್ನೆ ಅವರಿಗೂ ಇತ್ತು, ನಮಗೂ ಇದೆ.

ತೋನ್ಸೆ ಮಾಧವ ಅನಂತ ಪೈಯವರು 1898ರ ಏಪ್ರಿಲ್ 30ರಂದು ಉಡುಪಿ ಸೀಮೆಯ ಕಲ್ಯಾಣಪುರದಲ್ಲಿ ಜನಿಸಿದರು. ಡಾಕ್ಟರಿಕೆ ಓದಿ ಊರಿನ ಕಡೆಯೇ ವೈದ್ಯವೃತ್ತಿ ಹಿಡಿದರು. ಬಡತನ, ರೋಗ, ಅಜ್ಞಾನ ಈ ಮೂರೂ ಒಂದಕ್ಕೊಂದು ಅಂಟಿಕೊಂಡಿವೆ ಎಂಬುದು ಅವರ ನಂಬಿಕೆಯಾಗಿತ್ತು. ಬರೀ ಔಷಧಿ ಕೊಟ್ಟರೆ ಸಾಲದು, ದುಡಿಮೆಗೂ ದಾರಿ ಆಗಬೇಕು ಎಂದು ಮನಗಂಡರು.

ಆ ಕಾಲದಲ್ಲಿ ದಕ್ಷಿಣ ಕನ್ನಡದ ಕೈಮಗ್ಗದ ಕಸುಬು ಕುಸಿದು ನೇಕಾರರು ಬಹಳ ಕಷ್ಟದಲ್ಲಿದ್ದರು. ಅಂಥವರಿಗೆ ನೆರವಾಗಬೇಕೆಂದು ಪೈಯವರು, ಅವರ ಅಣ್ಣ ಉಪೇಂದ್ರ ಅನಂತ ಪೈಯವರು ಹಾಗೂ ವಾಮನ ಕುಡ್ವರು ಸೇರಿ 1925ರಲ್ಲಿ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಆರಂಭಿಸಿದರು. ಆಗ ಹಾಕಿದ ಬಂಡವಾಳ 8,000 ರೂಪಾಯಿ ಮಾತ್ರ.

ಇಷ್ಟು ಸಣ್ಣ ಬಂಡವಾಳದಲ್ಲಿ ಎಷ್ಟು ಜನಕ್ಕೆ ಸಾಲ ಕೊಡೋಕೆ ಆದೀತು? ಸಾಲ ಕೊಡಬೇಕಾದರೆ ಠೇವಣಿ ಬರಬೇಕು. ದಿನಗೂಲಿಯವರು, ಗೂಡಂಗಡಿಯವರು ಬ್ಯಾಂಕಿನ ಮೆಟ್ಟಿಲು ಹತ್ತಲು ಹೆದರುತ್ತಾರೆ. ಕೆಲಸ ಬಿಟ್ಟು ಬಂದರೆ ಅವತ್ತಿನ ಸಂಪಾದನೆಯೂ ಹೋಗುತ್ತೆ. ಇದಕ್ಕೆ ಪರಿಹಾರವಾಗಿ 1928ರಲ್ಲಿ ಬಂದದ್ದೇ ಪಿಗ್ಮಿ ಠೇವಣಿ. ಬ್ಯಾಂಕಿನ ಏಜೆಂಟರು ದಿನವೂ ಮನೆಬಾಗಿಲಿಗೆ, ಅಂಗಡಿಬಾಗಿಲಿಗೆ ಹೋಗಿ ಎರಡಾಣೆಯಷ್ಟು ಚಿಕ್ಕ ಹಣವನ್ನೂ ಕಟ್ಟಿಸಿಕೊಂಡು ಬರುತ್ತಿದ್ದರು.

ಎರಡಾಣೆ ಏನು ಮಹಾ ಅಂತ ಅನ್ನಿಸಬಹುದು. ಲೆಕ್ಕ ಹಾಕಿ ನೋಡೋಣ. ರೂಪಾಯಿಗೆ ಹದಿನಾರಾಣೆ. ದಿನಕ್ಕೆ ಎರಡಾಣೆಯಂತೆ ಎಂಟು ದಿನಕ್ಕೆ ಒಂದು ರೂಪಾಯಿ, ವರ್ಷಕ್ಕೆ 45 ರೂಪಾಯಿ 10 ಆಣೆ. ಹನಿಹನಿ ಕೂಡಿದರೆ ಹಳ್ಳ ಎಂಬ ಗಾದೆ ಸುಳ್ಳಲ್ಲ. ಇನ್ನೊಂದು ಲಾಭವೂ ಇದರಲ್ಲಿತ್ತು. ವರ್ಷಗಟ್ಟಲೆ ತಪ್ಪದೆ ಕಟ್ಟಿದವನ ನಡತೆ ಏನೆಂಬುದು ಪುಸ್ತಕದಲ್ಲೇ ಕಾಣುತ್ತದೆ. ಸಾಲ ಕೇಳಲು ಬಂದಾಗ ಅವನು ಅಪರಿಚಿತನಲ್ಲ.

ಸಾಲವೊಂದೇ ಸಾಲದು, ಕೈಗೆ ವಿದ್ಯೆಯೂ ಬೇಕು. 1942ರಲ್ಲಿ ಪೈಯವರು ಮಣಿಪಾಲದಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಸ್ಥಾಪಿಸಿದರು. ಯುವಜನರಿಗೆ ವೃತ್ತಿ ತರಬೇತಿ ಕೊಡುವುದು ಅದರ ಮೊದಲ ಉದ್ದೇಶಗಳಲ್ಲೊಂದು. ಆಮೇಲೆ 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು, 1957ರಲ್ಲಿ ಇಂಜಿನಿಯರಿಂಗ್ ಕಾಲೇಜು ಬಂದವು. ಬೋಳುಗುಡ್ಡವಾಗಿದ್ದ ಮಣಿಪಾಲ ವಿದ್ಯಾನಗರವಾಯಿತು.

ಬ್ಯಾಂಕು ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಗಿ, 1969ರ ಜುಲೈ 19ರಂದು ರಾಷ್ಟ್ರೀಕರಣಗೊಂಡ 14 ಬ್ಯಾಂಕುಗಳಲ್ಲಿ ಒಂದಾಯಿತು. 1972ರಲ್ಲಿ ಪೈಯವರಿಗೆ ಪದ್ಮಶ್ರೀ ಪ್ರಶಸ್ತಿ ಲಭಿಸಿತು. 1979ರ ಮೇ 29ರಂದು ಅವರು ತೀರಿಕೊಂಡರು. 2020ರ ಏಪ್ರಿಲ್ 1ರಿಂದ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಗಿದೆ.

ಬ್ಯಾಂಕಿನ ಹೆಸರು ಹೋದರೂ ದಾರಿ ಉಳಿದಿದೆ. ಪೈಯವರು ತೀರಿಕೊಂಡ ಮೂರು ವರ್ಷಕ್ಕೆ, 1982ರಲ್ಲಿ, ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ ಧರ್ಮಸ್ಥಳದ ಶಿಕ್ಷಣ ಸಂಸ್ಥೆ, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ತೆರೆದವು. ನಿರುದ್ಯೋಗಿ ಯುವಕ ಯುವತಿಯರಿಗೆ ಊಟ, ವಸತಿ ಸಹಿತ ಉಚಿತ ತರಬೇತಿ, ಆಮೇಲೆ ಬ್ಯಾಂಕ್ ಸಾಲಕ್ಕೆ ಮಾರ್ಗದರ್ಶನ. ಇದೇ ಮಾದರಿಯ ಆರ್‌ಸೆಟಿ ಕೇಂದ್ರಗಳು ಈಗ ದೇಶದ ಹೆಚ್ಚಿನ ಜಿಲ್ಲೆಗಳಲ್ಲಿವೆ.

ಬೆಳೆಸಾಲ ಕೊಡುವುದು ನಮ್ಮಂಥ ಸಂಘಗಳಿಗೆ ಗೊತ್ತು, ಪಹಣಿ ನೋಡಿದರೆ ಆಯಿತು. ಆದರೆ ಪಹಣಿಯೇ ಇಲ್ಲದ ಮನೆಯ ಹೆಣ್ಣುಮಗಳು ಹೊಲಿಗೆ ಮಿಷನ್ನಿಗೆ, ಹುಡುಗನೊಬ್ಬ ಸೈಕಲ್ ಶಾಪಿಗೆ ಸಾಲ ಕೇಳಿದರೆ ಏನು ನೋಡಿ ಕೊಡಬೇಕು? ನಾವು ಕೊಡದಿದ್ದರೆ ಅವರು ಬಡ್ಡಿಯವರ ಮನೆಗೇ ಹೋಗಬೇಕು. ಹಾಗಂತ ಕೊಟ್ಟ ಸಾಲ ಮುಳುಗಿದರೆ ಹೋಗುವುದು ನಿಮ್ಮದೇ ಷೇರಿನ, ಠೇವಣಿಯ ಹಣ. ಎರಡೂ ಆಗದಂತೆ ನಡೆಯಬೇಕಾದರೆ ಪೈಯವರ ದಾರಿಯೇ ಸರಿ ಎಂದು ನಮ್ಮ ಅಭಿಪ್ರಾಯ. ಮೊದಲು ಒಂದು ವರ್ಷ ದಿನವೂ ಕೈಲಾದಷ್ಟು ಪಿಗ್ಮಿ ಕಟ್ಟಲಿ, ಆರ್‌ಸೆಟಿಯಲ್ಲಿ ಕಸುಬು ಕಲಿಯಲಿ. ಆಮೇಲೆ ಸಂಘವು ಆ ಪುಸ್ತಕ ನೋಡಿ ಸಣ್ಣ ಸಾಲ ಕೊಡಲಿ, ತೀರಿಸಿದಂತೆ ದೊಡ್ಡದು ಮಾಡಲಿ.

ಬರುವ ಸರ್ವಸದಸ್ಯರ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿ. ಎಲ್ಲರೂ ತಪ್ಪದೆ ಹಾಜರಾಗಬೇಕೆಂದು ಕೋರುತ್ತೇವೆ.

ಜೈ ಸಹಕಾರ.